'ಬಿಲವೆಡ್'ನಲ್ಲಿ ಎಷ್ಟು ನಿಜ, ಎಷ್ಟು ಕಲ್ಪನೆ?

ಪ್ರಶ್ನೆ: ಅಮೆರಿಕದ ಲೇಖಕಿ ಟೋನಿ ಮಾರಿಸನ್ ಅವರ 'ಬಿಲವೆಡ್' ನಿಜ ಘಟನೆಯ ಕಾದಂಬರಿ ಅಂತಾರೆ. ಇದು ಹೌದೇ?

ಉತ್ತರ: ಘಟನೆ ನಿಜ. ಆದರೆ ಮಗಳನ್ನು ಕೊಂದ ಆ ತಾಯಿಯ ಒಳಮನಸ್ಸು ಪೂರ್ತಿ ಮಾರಿಸನ್ ಕಟ್ಟಿದ್ದು, ಅದೂ ಬೇಕಂತಲೇ.

1856ರ ಜನವರಿ. ಕೆಂಟಕಿಯಲ್ಲಿ ಗುಲಾಮಳಾಗಿದ್ದ ಮಾರ್ಗರೆಟ್ ಗಾರ್ನರ್ ಹೆಪ್ಪುಗಟ್ಟಿದ್ದ ಒಹಾಯೊ ನದಿ ದಾಟಿ, ಮನೆಯವರ ಜೊತೆ ಗುಲಾಮಗಿರಿ ಇಲ್ಲದ ಒಹಾಯೊ ರಾಜ್ಯದ ಸಿನ್ಸಿನಾಟಿಗೆ ತಪ್ಪಿಸಿಕೊಂಡು ಬಂದಳು. ಹಿಡಿಯುವವರು ಬೆನ್ನಟ್ಟಿ ಬಂದು ಮನೆ ಸುತ್ತುವರಿದರು. ಮಕ್ಕಳು ಮತ್ತೆ ಗುಲಾಮರಾಗಬಾರದೆಂದು ಆಕೆ ಎರಡು ವರ್ಷದ ಮಗಳನ್ನು ಕೊಂದಳು. ಆಮೇಲೆ ಕೋರ್ಟಿನಲ್ಲಿ ನಡೆದ ವಾದ ನೋಡಿ: ಕೊಲೆ ಕೇಸು ನಡೆಸಬೇಕೋ, ಓಡಿಹೋದ ಆಸ್ತಿ ಅಂತ ಒಡೆಯನಿಗೆ ಒಪ್ಪಿಸಬೇಕೋ? ಕೊನೆಗೆ ಒಡೆಯನಿಗೇ ಒಪ್ಪಿಸಿದರು. 1858ರಲ್ಲಿ ಆಕೆ ಟೈಫಾಯ್ಡ್‌ನಿಂದ ತೀರಿಕೊಂಡಳು.

ರ್‍ಯಾಂಡಮ್ ಹೌಸ್‌ ಎಂಬ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿದ್ದ ಮಾರಿಸನ್, ಕಪ್ಪು ಜನರ ಬದುಕಿನ ಹಳೆಯ ಫೋಟೋ, ಪತ್ರಿಕೆ ತುಣುಕುಗಳ 'ದ ಬ್ಲ್ಯಾಕ್ ಬುಕ್' (1974) ಸಿದ್ಧಮಾಡುವಾಗ ಈ ಸುದ್ದಿ ನೋಡಿದರು. ಕಾದಂಬರಿ ಬಂದದ್ದು 1987ರಲ್ಲಿ. ಆ ಕಾಲದ ಬಗ್ಗೆ ಜಾಸ್ತಿನೇ ಓದಿದರೂ, ಗಾರ್ನರ್ ಬಗ್ಗೆ ಮಾತ್ರ ಇನ್ನೇನೂ ಹುಡುಕಲು ಒಪ್ಪಲಿಲ್ಲ. ಆಕೆಯ ಬದುಕನ್ನು ತಾವೇ ಕಲ್ಪಿಸಬೇಕಿತ್ತು ಎಂದು ಸಂದರ್ಶನದಲ್ಲಿ ಹೇಳಿದ್ದಾರೆ.

ನನಗೆ ಇದು ಬಹಳ ಧೈರ್ಯದ ನಿರ್ಧಾರ ಅನಿಸುತ್ತದೆ. ದಾಖಲೆಯನ್ನೇ ಹಿಂಬಾಲಿಸಿದ್ದರೆ ಕಥೆ ಕೋರ್ಟಿನ ತೀರ್ಪಿನ ಹತ್ತಿರವೇ ಮುಗಿಯುತ್ತಿತ್ತು ಅಲ್ವಾ? ಕಾದಂಬರಿಯ ತಾಯಿ ಸೆಥೆಯನ್ನು ಯಾರೂ ವಾಪಸ್ ಕಳಿಸುವುದಿಲ್ಲ. ಆಕೆ ಬಿಡುಗಡೆಯಾಗಿ, ಮಾಡಿದ್ದರ ಜೊತೆ ವರ್ಷಗಟ್ಟಲೆ ಬದುಕಬೇಕು. ಸತ್ತ ಮಗಳು ಯುವತಿಯಾಗಿ ಮನೆಗೆ ಬರುತ್ತಾಳೆ. ಯಾಕೆ ಕೊಂದೆ ಎಂದು ಕೇಳುವ ಹಕ್ಕು ಆ ಮಗಳಿಗೆ ಮಾತ್ರ ಇದೆ ಎಂಬುದು ಮಾರಿಸನ್ ನಂಬಿಕೆ.

ಇನ್ನೊಂದು ಕಾರಣವೂ ಇದೆ. ಗುಲಾಮಗಿರಿಯಿಂದ ಪಾರಾದವರ ಆತ್ಮಕಥೆಗಳನ್ನು ಹೆಚ್ಚಾಗಿ ಬಿಳಿಯ ಓದುಗರ ಮನಸ್ಸು ಬದಲಿಸಲೆಂದು ಬರೆದದ್ದು. ಹಾಗಾಗಿ ತೀರಾ ಘೋರವಾದದ್ದು ಬಂದಾಗ ಅವರು ತೆರೆ ಎಳೆದು ಮುಂದೆ ಹೋಗುತ್ತಿದ್ದರು. ಒಳಗಿನ ಯಾತನೆ ಕಾಗದಕ್ಕೆ ಬರಲೇ ಇಲ್ಲ. ಆ ತೆರೆ ಸರಿಸುವುದೇ ತಮ್ಮ ಕೆಲಸ ಎಂದು ಮಾರಿಸನ್ ಬರೆದಿದ್ದಾರೆ.

ತೆರೆ ಸರಿಸುವುದೆಂದರೆ ಎಲ್ಲವನ್ನೂ ಬಿಡಿಸಿ ತೋರಿಸುವುದು ಅಂತಲ್ಲ. ಗುಲಾಮರ ಬಾಯಿಗೆ ಕಬ್ಬಿಣದ ಕಡಿವಾಣ ಹಾಕುತ್ತಿದ್ದರು. ಅದು ನೋಡಲು ಹೇಗಿತ್ತು ಎಂದು ಮಾರಿಸನ್ ತುಂಬಾ ಹುಡುಕಿದರು. ಆಮೇಲೆ, ಓದುಗ ಅದನ್ನು ಕಣ್ಣಲ್ಲಿ ಕಾಣುವುದಕ್ಕಿಂತ ಬಾಯಲ್ಲಿ ಅನುಭವಿಸಬೇಕು ಅನ್ನಿಸಿ ವರ್ಣನೆಯನ್ನೇ ಕೈಬಿಟ್ಟರು. ಕಾದಂಬರಿಯಲ್ಲಿ ಸೆಥೆಯಂತೆ ಗುಲಾಮನಾಗಿದ್ದ ಪಾಲ್ ಡಿ, ತನಗೆ ಕಡಿವಾಣ ಹಾಕಿದ ದಿನದ ಬಗ್ಗೆ ಮಾತಾಡುವಾಗ, ಕಬ್ಬಿಣಕ್ಕಿಂತ ಹೆಚ್ಚಾಗಿ ಹೇಳುವುದು ಎದುರಿಗಿದ್ದ ಹುಂಜದ ಬಗ್ಗೆ. ಅದು ತನಗಿಂತ ಸ್ವತಂತ್ರವಾಗಿತ್ತು ಎನ್ನುತ್ತಾನೆ.