ಅರ್ಮೇನಿಯಾದ ಅನಿಲ ದರ: ಗಡಿಯ ಡಾಲರ್‌ನಿಂದ ಮನೆಯ ಮೀಟರ್‌ವರೆಗೆ

ಅರ್ಮೇನಿಯಾದ ಇಂಧನ ಬೆಲೆಯ ಬಗ್ಗೆ ಓದುವವರಿಗೆ ಎರಡು ಅಂಕಿಗಳು ಪದೇ ಪದೇ ಸಿಗುತ್ತವೆ. ಒಂದು, ಸಾವಿರ ಘನ ಮೀಟರ್ ಅನಿಲಕ್ಕೆ 165 ಡಾಲರ್. ಇದು 2019ರಲ್ಲಿ 150ರಿಂದ ಏರಿದ ಗಡಿ ದರ. ಮಾರುವುದು ರಷ್ಯಾದ ಗಾಜ್‌ಪ್ರೋಮ್. ಇನ್ನೊಂದು, ಒಂದು ಘನ ಮೀಟರಿಗೆ 143.7 ಡ್ರಾಮ್ (ಅರ್ಮೇನಿಯಾದ ನಾಣ್ಯ). ಇದು 2022ರ ಏಪ್ರಿಲ್‌ನಲ್ಲಿ ಮನೆಬಳಕೆಗೆ ನಿಗದಿಯಾದ ದರ. ಅದಕ್ಕೆ ಮುಂಚೆ 139 ಇತ್ತು. ಈ ಎರಡು ಅಂಕಿಗಳ ನಡುವಿನ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂದು ಕೇಳುತ್ತಾ ಹೋದರೆ ಈ ದೇಶದ ಇಂಧನ ಚರಿತ್ರೆಯ ಬಹುಪಾಲು ಅರ್ಥವಾಗುತ್ತದೆ.

ಮೊದಲು ಲೆಕ್ಕ

ಡಾಲರಿಗೆ 390 ಡ್ರಾಮ್ ಎಂದು ಹಿಡಿಯೋಣ. 165 × 390 ÷ 1000 ಅಂದರೆ ಘನ ಮೀಟರಿಗೆ ಸುಮಾರು 64 ಡ್ರಾಮ್. ಮನೆಯ ದರದಲ್ಲಿ ಶೇ 20ರ ವ್ಯಾಟ್ ಸೇರಿದೆ. ಅದನ್ನು ತೆಗೆಯಲು 143.7ರ ಶೇ 20 ಕಳೆಯಬಾರದು, 1.2ರಿಂದ ಭಾಗಿಸಬೇಕು, ಇಲ್ಲಿ ಎಡವುವವರು ಬಹಳ. ಬರುವುದು 119.75. ಇದರಲ್ಲಿ 64 ಕಳೆದರೆ ಉಳಿಯುವ ಸುಮಾರು 55 ಡ್ರಾಮ್‌ನಲ್ಲಿ ಕೊಳವೆ ಮಾರ್ಗದ ನಿರ್ವಹಣೆ, ಸೋರಿಕೆ, ಅಬೋವ್ಯಾನ್‌ನ ನೆಲದಡಿಯ ಸಂಗ್ರಹಾಗಾರ, ಸಂಬಳ, ಲಾಭ ಎಲ್ಲವೂ ಬರಬೇಕು.

ಈಗ ಅದೇ ಲೆಕ್ಕವನ್ನು ಡಾಲರಿಗೆ 480 ಡ್ರಾಮ್ ಇಟ್ಟು ಮಾಡಿ. ಗಡಿ ದರ 79 ಡ್ರಾಮ್ ಆಗುತ್ತದೆ, ಉಳಿಕೆ 41ಕ್ಕೆ ಇಳಿಯುತ್ತದೆ. ಗಾಜ್‌ಪ್ರೋಮ್ ಒಂದು ಸೆಂಟ್ ಏರಿಸದಿದ್ದರೂ ವಿತರಣಾ ಕಂಪನಿಯ ಪಾಲು ಕಾಲು ಭಾಗ ಕರಗಿತು. 2022ರಲ್ಲಿ ಡ್ರಾಮ್ ಬಲಗೊಂಡಾಗ ನಡೆದದ್ದು ಇದರ ತದ್ವಿರುದ್ಧ. ತಿಂಗಳಿಗೆ 10,000 ಘನ ಮೀಟರಿಗಿಂತ ಹೆಚ್ಚು ಸುಡುವ ಕಾರ್ಖಾನೆಗಳ ದರವನ್ನು ಡಾಲರಿನಲ್ಲೇ ಕಟ್ಟಿದ್ದರಿಂದ ವಿನಿಮಯದ ಏರಿಳಿತ ನೇರ ಅವರ ಬಿಲ್ಲಿಗೆ ಬರುತ್ತದೆ. ಮನೆಯವರಿಗೆ ಬರುವುದಿಲ್ಲ, ಮುಂದಿನ ದರ ಪರಿಷ್ಕರಣೆಯವರೆಗೆ.

ಮನೆ ಬೆಚ್ಚಗಾಗಿಸಲು ಯಾವುದು ಅಗ್ಗ?

ಸೋವಿಯತ್ ಕಾಲದಲ್ಲಿ ಬಹುಮಹಡಿ ಕಟ್ಟಡಗಳಿಗೆ ಕೇಂದ್ರೀಯ ಬಾಯ್ಲರ್‌ಗಳಿಂದ ಬಿಸಿನೀರು ಹರಿದು ಬರುತ್ತಿತ್ತು. 1990ರ ದಶಕದ ಆರಂಭದಲ್ಲಿ ಆ ವ್ಯವಸ್ಥೆ ಕುಸಿಯಿತು. ಅಜರ್‌ಬೈಜಾನ್ ಮೂಲಕ ಬರುತ್ತಿದ್ದ ಅನಿಲ ನಿಂತಿತು, ಜಾರ್ಜಿಯಾದ ಕೊಳವೆ ಸ್ಫೋಟಗಳಿಂದ ಮತ್ತೆ ಮತ್ತೆ ತುಂಡಾಯಿತು. 1988ರ ಸ್ಪಿತಾಕ್ ಭೂಕಂಪದ ನಂತರ ಮುಚ್ಚಿದ್ದ ಮೆತ್ಸಾಮೋರ್ ಅಣುಸ್ಥಾವರದ ಎರಡನೇ ಘಟಕ 1995ರಲ್ಲಷ್ಟೇ ಮತ್ತೆ ಚಾಲೂ ಆಯಿತು. ಆ ನಡುವಿನ ಚಳಿಗಾಲಗಳಲ್ಲಿ ದಿನಕ್ಕೆ ಒಂದೆರಡು ಗಂಟೆ ಕರೆಂಟ್. ಜನ ಮರ ಕಡಿದು ಒಲೆ ಹೊತ್ತಿಸಿದರು, ಸೆವಾನ್ ಸರೋವರದ ನೀರನ್ನು ಮಿತಿಮೀರಿ ಟರ್ಬೈನ್‌ಗಳಿಗೆ ಬಿಡಲಾಯಿತು. ಆಮೇಲೆ ಅನಿಲ ಮರಳಿದಾಗ ಪ್ರತಿ ಮನೆಯೂ ತನ್ನದೇ ಬಾಯ್ಲರ್ ಅಥವಾ ಗೋಡೆ ಹೀಟರ್ ಹಾಕಿಸಿಕೊಂಡಿತು. ಅನಿಲದ ಬೇಡಿಕೆ ಚಳಿಗಾಲದಲ್ಲಿ ಅಷ್ಟು ಕಡಿದಾಗಿ ಏರುವುದಕ್ಕೆ ಇದೇ ಕಾರಣ.

ಒಂದು ಘನ ಮೀಟರ್ ಅನಿಲದಲ್ಲಿ ಸುಮಾರು 9.3 ಯೂನಿಟ್ (ಕಿಲೋವ್ಯಾಟ್ ಗಂಟೆ) ಶಾಖವಿದೆ. ಬಾಯ್ಲರ್ ದಕ್ಷತೆ ಶೇ 90 ಎಂದರೆ ಕೈಗೆ ಸಿಗುವುದು 8.4. ಹಾಗಾಗಿ ಒಂದು ಯೂನಿಟ್ ಶಾಖಕ್ಕೆ 17 ಡ್ರಾಮ್. ವಿದ್ಯುತ್ ದರ 2022ಕ್ಕೆ ಮುಂಚೆ ಹಲವು ವರ್ಷ ಹಗಲು 44.98, ರಾತ್ರಿ (11ರಿಂದ ಬೆಳಿಗ್ಗೆ 7) 34.98 ಇತ್ತು. ಆ ದರದಲ್ಲೂ ಸಾದಾ ಕಾಯಿಲ್ ಹೀಟರ್ ರಾತ್ರಿ ಹೊತ್ತೂ ಅನಿಲದ ಎರಡು ಪಟ್ಟು ದುಬಾರಿ. ಒಂದು ಯೂನಿಟ್ ಕರೆಂಟ್‌ಗೆ ಮೂರು ಯೂನಿಟ್ ಶಾಖ ಕೊಡುವ ಹೀಟ್ ಪಂಪ್ ಆದರೆ ಹಗಲಲ್ಲಿ 15 ಡ್ರಾಮ್: ಅನಿಲಕ್ಕಿಂತ ಸ್ವಲ್ಪ ಕಡಿಮೆ. ಆದರೆ ಹೊರಗೆ ಕೊರೆಯುವ ಚಳಿಯಿದ್ದಾಗ ಆ ಮೂರು ಪಟ್ಟು ಎರಡಕ್ಕೆ ಜಾರಿದರೆ ಲಾಭ ಅಳಿಸಿಹೋಗುತ್ತದೆ.

ಬಡ ಕುಟುಂಬಗಳಿಗೆ 139ರ ಕಾಲದಲ್ಲಿ ವರ್ಷದ ಮೊದಲ 600 ಘನ ಮೀಟರ್ 100 ಡ್ರಾಮ್‌ಗೆ ಸಿಗುತ್ತಿತ್ತು. ಗರಿಷ್ಠ ಉಳಿತಾಯ 39 × 600, ಅಂದರೆ 23,400 ಡ್ರಾಮ್. ಚಳಿಗಾಲದಲ್ಲಿ ತಿಂಗಳಿಗೆ 200 ಸುಡುವ ಮನೆಯಲ್ಲಿ ಈ ಪಾಲು ಮೂರೇ ತಿಂಗಳಿಗೆ ಮುಗಿಯುತ್ತದೆ. ಅನಿಲ ಸಂಪರ್ಕವಿಲ್ಲದೆ ಸೌದೆ ಉರಿಸುವ ಹಳ್ಳಿ ಮನೆಗೆ ಇದರಿಂದ ಏನೂ ಸಿಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಸಬ್ಸಿಡಿಯ ದೊಡ್ಡ ಕೊರತೆ ಇದೇ.

ತಡೆಹಿಡಿದ ದರ ಸಾಲವಾಗುವ ಬಗೆ

ಈ ಭಾಗವನ್ನು ನಿಧಾನವಾಗಿ ಓದಿ. 2006ರ ಏಪ್ರಿಲ್‌ನಲ್ಲಿ ಗಡಿ ದರ 56 ಡಾಲರಿನಿಂದ 110ಕ್ಕೆ ಹಾರಿತು. ಅಷ್ಟನ್ನೂ ಜನರ ಮೇಲೆ ಹಾಕಲು ಸರ್ಕಾರ ಹೋಗಲಿಲ್ಲ. ಅರ್ಧಕ್ಕೆ ನಿಂತಿದ್ದ ಹ್ರಾಜ್ದಾನ್ ವಿದ್ಯುತ್ ಸ್ಥಾವರದ ಐದನೇ ಘಟಕವನ್ನು ಸುಮಾರು 249 ಮಿಲಿಯನ್ ಡಾಲರಿಗೆ ಗಾಜ್‌ಪ್ರೋಮ್ ಕಡೆಗೆ ಬಿಟ್ಟುಕೊಟ್ಟು, ಬಂದದ್ದರಲ್ಲಿ ಒಂದು ಪಾಲಿನಿಂದ 2008ರವರೆಗೆ ಮನೆಯ ದರವನ್ನು ತಗ್ಗಿಸಿ ಇಟ್ಟಿತು.

2011ರಿಂದ 2013ರ ನಡುವೆ ಅದೇ ಮತ್ತೆ ನಡೆಯಿತು, ಈ ಸಲ ಗುಟ್ಟಾಗಿ. ಗಡಿ ದರ ಏರಿದ್ದರೂ ಮನೆಯ ದರ ತಡವಾಗಿ ಬದಲಾಯಿತು. ವ್ಯತ್ಯಾಸ 300 ಮಿಲಿಯನ್ ಡಾಲರ್ ಸಾಲವಾಗಿ ಬೆಳೆಯಿತು. 2013ರ ಡಿಸೆಂಬರ್ ಒಪ್ಪಂದದಲ್ಲಿ ಗಡಿ ದರ 189 ಡಾಲರಿಗೆ ಇಳಿಯಿತು, ಸಾಲಕ್ಕೆ ಬದಲಾಗಿ ವಿತರಣಾ ಕಂಪನಿಯಲ್ಲಿ ಸರ್ಕಾರಕ್ಕೆ ಉಳಿದಿದ್ದ ಶೇ 20 ಪಾಲೂ ಗಾಜ್‌ಪ್ರೋಮ್‌ಗೆ ಹೋಯಿತು. ಅಲ್ಲಿಂದ ಮುಂದೆ ಗಡಿಯಲ್ಲಿ ಮಾರುವವರೂ ಮನೆ ಬಾಗಿಲಲ್ಲಿ ಬಿಲ್ ಕೊಡುವವರೂ ಒಂದೇ ಗುಂಪಿನವರು. ಆದ್ದರಿಂದ ಸಬ್ಸಿಡಿಯನ್ನು ಅಳೆಯುವಾಗ ಬಜೆಟ್ ಪುಸ್ತಕ ನೋಡಿದರೆ ಸಾಲದು. ಆಸ್ತಿ ಹಸ್ತಾಂತರಗಳನ್ನೂ ಎದುರಿಗಿಟ್ಟುಕೊಳ್ಳಬೇಕು.

2015ರ ಜೂನ್‌ನಲ್ಲಿ ಕರೆಂಟ್ ದರವನ್ನು ಯೂನಿಟ್‌ಗೆ 6.93 ಡ್ರಾಮ್ ಏರಿಸುವ ತೀರ್ಮಾನವಾದಾಗ ಯೆರೆವಾನ್‌ನ ಬಗ್ರಾಮ್ಯಾನ್ ರಸ್ತೆಯನ್ನು ಯುವಜನ ದಿನಗಟ್ಟಲೆ ತಡೆದು ಕೂತರು. ಆ ಸಿಟ್ಟಿಗೆ ಈ ಹಿನ್ನೆಲೆಯೂ ಇತ್ತು.

ಇರಾನ್ ಜೊತೆಗಿನ ವಿನಿಮಯ

ಇರಾನಿನಿಂದ ಬರುವ ಪ್ರತಿ ಘನ ಮೀಟರ್ ಅನಿಲಕ್ಕೆ ಅರ್ಮೇನಿಯಾ ಹಣ ಕೊಡುವುದಿಲ್ಲ, 3 ಯೂನಿಟ್ ಕರೆಂಟ್ ಹಿಂತಿರುಗಿಸುತ್ತದೆ. ಇದು ಗಿಟ್ಟುತ್ತದೆಯೇ ಎಂಬುದು ಪೂರ್ತಿ ಸ್ಥಾವರದ ದಕ್ಷತೆಯ ಪ್ರಶ್ನೆ. ಶೇ 33ರ ಹಳೆಯ ಉಗಿ ಘಟಕ ಒಂದು ಘನ ಮೀಟರಿಗೆ 3.1 ಯೂನಿಟ್ ಕೊಡುತ್ತದೆ; ಸ್ಥಾವರದ ಸ್ವಂತ ಬಳಕೆ ಮತ್ತು ತಂತಿಯ ನಷ್ಟ ಕಳೆದರೆ ಕೈಯಿಂದಲೇ ಹಾಕಬೇಕು. ಜಪಾನ್ ಸಾಲದಲ್ಲಿ ಕಟ್ಟಿ 2010ರಲ್ಲಿ ಶುರುವಾದ ಯೆರೆವಾನ್‌ನ ಸಂಯೋಜಿತ ಆವರ್ತ ಘಟಕದಲ್ಲಿ (ಅನಿಲ ಟರ್ಬೈನ್‌ನ ಉಳಿಕೆ ಶಾಖದಿಂದ ಉಗಿ ಟರ್ಬೈನನ್ನೂ ಓಡಿಸುವ ಬಗೆ) ದಕ್ಷತೆ ಅರ್ಧದ ಹತ್ತಿರ; ಅಲ್ಲಿ ಸುಮಾರು 4.5 ಯೂನಿಟ್ ಹುಟ್ಟುತ್ತದೆ, ಮೂರು ಕೊಟ್ಟ ಮೇಲೆ ಒಂದೂವರೆ ಉಳಿಯುತ್ತದೆ.

ವಾಹನಗಳು

ಪೆಟ್ರೋಲ್, ಡೀಸೆಲ್ ಎಲ್ಲವೂ ಆಮದು. ಟರ್ಕಿ, ಅಜರ್‌ಬೈಜಾನ್ ಗಡಿಗಳು ದಶಕಗಳಿಂದ ಮುಚ್ಚಿದ್ದರಿಂದ ಸರಕು ಮುಖ್ಯವಾಗಿ ಜಾರ್ಜಿಯಾ ಮೂಲಕ ಬಂದಿದೆ. ಹಿಮ ಬಿದ್ದು ರಷ್ಯಾ-ಜಾರ್ಜಿಯಾ ನಡುವಿನ ಲಾರ್ಸ್ ಕಣಿವೆ ರಸ್ತೆ ಮುಚ್ಚಿದರೆ ಲಾರಿಗಳು ಸಾಲುಗಟ್ಟುತ್ತವೆ. ಕೊಳವೆಯಲ್ಲಿ ಬರುವ ಅನಿಲಕ್ಕೆ ಆ ತೊಡಕಿಲ್ಲ, ಅದಕ್ಕೇ ಅಲ್ಲಿ ಸಿಎನ್‌ಜಿ ಕಾರುಗಳು ಅಷ್ಟೊಂದು. 200 ಬಾರ್ ಒತ್ತಡದಲ್ಲಿ 50 ಲೀಟರ್ ಸಿಲಿಂಡರ್ ಹಿಡಿಯುವುದು ಸುಮಾರು 12 ಘನ ಮೀಟರ್, ಶಕ್ತಿಯಲ್ಲಿ ಹೆಚ್ಚುಕಡಿಮೆ 12 ಲೀಟರ್ ಪೆಟ್ರೋಲ್. ಬಂಕ್‌ನಲ್ಲಿ ಇದನ್ನು ಕಿಲೋ ಲೆಕ್ಕದಲ್ಲಿ ಮಾರುವುದುಂಟು. ಮನೆಯ ಘನ ಮೀಟರ್ ದರದ ಪಕ್ಕ ಇಡುವಾಗ ಒಂದು ಕಿಲೋ ಸುಮಾರು 1.4 ಘನ ಮೀಟರ್ ಎಂದು ಬದಲಿಸಿಕೊಳ್ಳಿ. ಯುರೋಪಿನ ಅಂಕಿಗಳ ಜೊತೆ ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು: ರಷ್ಯನ್ ಪದ್ಧತಿಯ ಘನ ಮೀಟರ್ 20 ಡಿಗ್ರಿಯದು, ಯುರೋಪಿನ ಹಲವೆಡೆ 0 ಡಿಗ್ರಿಯದು. ಇದೊಂದರಿಂದಲೇ ಶೇ 7ರಷ್ಟು ವ್ಯತ್ಯಾಸ ಬರುತ್ತದೆ.