ರೋಮ್‌ನಲ್ಲಿ ಕಳುವಾದ ಪಾಸ್‌ಪೋರ್ಟಿಗೆ ಬೆಂಗಳೂರಿನಲ್ಲಿ ದೂರು ಕೊಡಬಹುದೇ?

ಓದುಗರ ಪ್ರಶ್ನೆ: ರೋಮ್‌ನಲ್ಲಿ ವ್ಯಾಟಿಕನ್ ಕಡೆಗೆ ಹೋಗುವ ಬಸ್ಸಿನಲ್ಲಿ ನನ್ನ ಹೆಂಡತಿಯ ಬ್ಯಾಗಿನಿಂದ ಪರ್ಸು, ಪಾಸ್‌ಪೋರ್ಟು ಎರಡೂ ಹೋದವು. ಮೂರು ದಿನ ಬಿಟ್ಟು ವಾಪಸ್ ಹೊರಡಬೇಕು. ಇಲ್ಲಿನ ಪೊಲೀಸರ ಭಾಷೆ ನಮಗೆ ಬರುವುದಿಲ್ಲ. ಊರಿಗೆ ಬಂದ ಮೇಲೆ ನಮ್ಮ ಠಾಣೆಯಲ್ಲೇ ದೂರು ಕೊಟ್ಟರೆ ಆಗದೇ? ಈಗ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದಾದ ಜೀರೋ ಎಫ್‌ಐಆರ್ ಬಂದಿದೆಯಲ್ಲ?

ಆಗದು. ಇವತ್ತೇ ಕೊಡಿ, ರೋಮ್‌ನಲ್ಲೇ ಕೊಡಿ.

ಬೇಸಿಗೆ ರಜೆ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಒಮ್ಮೆ ಪ್ಯಾರಿಸ್, ಒಮ್ಮೆ ಬಾರ್ಸಿಲೋನಾ. ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಮೊದಲೆಲ್ಲ ‘ಊರಿಗೆ ಬಂದು ದೂರು ಕೊಡುತ್ತೇವೆ’ ಎಂದಷ್ಟೇ ಕೇಳುತ್ತಿದ್ದರು. ಈಗ ಅದಕ್ಕೆ ಜೀರೋ ಎಫ್‌ಐಆರ್ ಎಂಬ ಕಾನೂನಿನ ಬೆಂಬಲವೂ ಸಿಕ್ಕಿಬಿಟ್ಟಿದೆ. ವಾಟ್ಸಾಪಿನಲ್ಲಿ ಇದನ್ನು ಹಂಚುವವರು ಆ ಕಾನೂನನ್ನು ಅರ್ಧ ಮಾತ್ರ ಓದಿದ್ದಾರೆ. ಪೂರ್ತಿ ಓದೋಣ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ನಿಜ. ಆದರೆ ಹಾಗೆ ದಾಖಲಾದದ್ದನ್ನು ಆಮೇಲೆ ಆ ಜಾಗದ ಠಾಣೆಗೆ ಕಳಿಸಬೇಕು. ಹುಬ್ಬಳ್ಳಿಯಲ್ಲಿ ಕಳುವಾದದ್ದಕ್ಕೆ ಜಯನಗರದಲ್ಲಿ ದೂರು ಕೊಟ್ಟರೆ ಅದು ಹುಬ್ಬಳ್ಳಿಗೆ ಹೋಗುತ್ತದೆ. ರೋಮ್‌ನದನ್ನು ಜಯನಗರದವರು ಯಾರಿಗೆ ಕಳಿಸಬೇಕು? ವಿದೇಶದಲ್ಲಿ ನಡೆದ ಅಪರಾಧದ ಬಗ್ಗೆ ಅದೇ ಸಂಹಿತೆಯಲ್ಲಿ 208ನೇ ಕಲಮು ಇದೆ. ಅದು ಅನ್ವಯಿಸುವುದು ಅಪರಾಧ ಮಾಡಿದವನು ಭಾರತದ ಪ್ರಜೆಯಾಗಿದ್ದಾಗ, ಇಲ್ಲವೇ ಭಾರತದಲ್ಲಿ ನೋಂದಣಿಯಾದ ಹಡಗು ಅಥವಾ ವಿಮಾನದಲ್ಲಿ ಅಪರಾಧ ನಡೆದಾಗ. ರೋಮ್‌ನ ಸಿಟಿ ಬಸ್ಸಿನಲ್ಲಿ ಕೈಚಳಕ ತೋರಿಸಿದ ಪರದೇಶದವನು ಇದರ ಯಾವ ಕಡೆಗೂ ಬರುವುದಿಲ್ಲ.

ಇನ್ನು ಕೆಲವರು ಇ-ಲಾಸ್ಟ್ ದಾರಿ ಹೇಳಿಕೊಡುತ್ತಾರೆ: ‘ಬೆಂಗಳೂರಿನಲ್ಲಿ ಕಳೆಯಿತು ಅಂತ ಆನ್‌ಲೈನ್‌ನಲ್ಲಿ ಹಾಕಿಬಿಡಿ, ಐದು ನಿಮಿಷದ ಕೆಲಸ.’ ದಯವಿಟ್ಟು ಈ ಕೆಲಸ ಮಾಡಬೇಡಿ. ಕರ್ನಾಟಕ ಪೊಲೀಸರ ಆ ವ್ಯವಸ್ಥೆ ಇರುವುದು ಇಲ್ಲಿ ಕಳೆದುಹೋದ ವಸ್ತುಗಳಿಗೆ, ಕಳ್ಳತನಕ್ಕಲ್ಲ. ಪಾಸ್‌ಪೋರ್ಟ್ ಮೆಜೆಸ್ಟಿಕ್‌ನಲ್ಲಿ ಕಳೆದಿದ್ದರೆ, ಅದಿಲ್ಲದೆ ನೀವು ವಿಮಾನ ನಿಲ್ದಾಣದಿಂದ ಹೊರಗೆ ಬಂದದ್ದು ಹೇಗೆ? ಇಮಿಗ್ರೇಷನ್ ದಾಖಲೆಯಲ್ಲಿ ನೀವು ರಾಯಭಾರ ಕಚೇರಿ ಕೊಟ್ಟ ತುರ್ತು ಪತ್ರದ (ಎಮರ್ಜೆನ್ಸಿ ಸರ್ಟಿಫಿಕೇಟ್) ಮೇಲೆ ದೇಶದೊಳಗೆ ಬಂದದ್ದು ಇರುತ್ತದೆ. ವಸ್ತು ಕಳಕೊಂಡ ನೀವೇ ಆಗ ಸುಳ್ಳು ಹೇಳಿಕೆ ಕೊಟ್ಟವರಾಗುತ್ತೀರಿ.

‘ಪರ್ಸು ಹೇಗೂ ಸಿಗುವುದಿಲ್ಲ, ದೂರು ಯಾಕೆ?’ ಎನ್ನುವವರಿಗೂ ಹೇಳಬೇಕು. ದೂರು ಪರ್ಸಿಗಾಗಿ ಅಲ್ಲ, ಆ ಕಾಗದಕ್ಕಾಗಿ. ಇಟಲಿಯಲ್ಲಿ ಅದಕ್ಕೆ ಡೆನುನ್ಚ ಎನ್ನುತ್ತಾರೆ. ರೋಮ್‌ನ ಟೆರ್ಮಿನಿ ನಿಲ್ದಾಣದಲ್ಲೇ ರೈಲ್ವೆ ಪೊಲೀಸರಿದ್ದಾರೆ; ಯಾವುದೇ ಪೊಲೀಸ್ ಠಾಣೆಗೋ ಕಾರಬಿನಿಯೇರಿ ಎಂಬ ಅಲ್ಲಿನ ಇನ್ನೊಂದು ಪೊಲೀಸ್ ಪಡೆಯ ಠಾಣೆಗೋ ಹೋದರೂ ಬರೆದುಕೊಳ್ಳುತ್ತಾರೆ. ಪ್ರವಾಸಿಗರ ದೂರು ಅವರಿಗೆ ದಿನನಿತ್ಯದ ಕೆಲಸ, ಭಾಷೆಗೆ ಹೆದರಬೇಡಿ. ಕಳೆದುಹೋಯಿತು ಎಂದಲ್ಲ, ಕಳ್ಳತನವಾಯಿತು ಎಂದೇ ಬರೆಸಿ. ಪಾಸ್‌ಪೋರ್ಟ್ ಸಂಖ್ಯೆ ಸೇರಿಸಿ, ಮೊಹರು ಬಿದ್ದ ಪ್ರತಿ ಕೈಯಲ್ಲಿ ಹಿಡಿದುಕೊಂಡೇ ಹೊರಡಿ.

ಮುಂದಿನ ಪ್ರತಿಯೊಂದು ಮೇಜಿನಲ್ಲೂ ಕೇಳುವುದು ಅದನ್ನೇ. ಭಾರತೀಯ ರಾಯಭಾರ ಕಚೇರಿ ಕೇಳುತ್ತದೆ: ರೋಮ್‌ನಲ್ಲಿ ರಾಯಭಾರ ಕಚೇರಿ, ಉತ್ತರ ಇಟಲಿಯಲ್ಲಿ ಇದ್ದರೆ ಮಿಲಾನ್‌ನ ಕಾನ್ಸುಲೇಟ್. ಅಲ್ಲಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಮರಳಲು ಮಾತ್ರ, ಒಂದೇ ಬಾರಿಗೆ. ಮೊಬೈಲ್‌ನಲ್ಲಿರುವ ಪಾಸ್‌ಪೋರ್ಟ್ ಫೋಟೊ ತೋರಿಸಿ ವಿಮಾನ ಹತ್ತಲಾಗದು, ಆದರೆ ಸಂಖ್ಯೆ ಗೊತ್ತಿದ್ದರೆ ರಾಯಭಾರ ಕಚೇರಿಯಲ್ಲಿ ಗುರುತು ಪತ್ತೆ ಬೇಗ ಆಗುತ್ತದೆ. ವೀಸಾ ಪಾಸ್‌ಪೋರ್ಟಿನ ಜೊತೆಗೇ ಹೋಗಿರುವುದರಿಂದ, ಹೊರಡುವಾಗ ಗಡಿ ಪೊಲೀಸರಿಗೆ ವಿವರಿಸಲೂ ಈ ಡೆನುನ್ಚ ಬೇಕು. ವಿಮೆಯವರಂತೂ ಬಿಡುವುದಿಲ್ಲ, ಹಲವು ಪಾಲಿಸಿಗಳಲ್ಲಿ 24 ಗಂಟೆಯೊಳಗೆ ಅಲ್ಲಿನ ಪೊಲೀಸರಿಗೆ ತಿಳಿಸಿರಬೇಕೆಂಬ ಷರತ್ತಿದೆ. ಕೊನೆಗೆ ಲಾಲ್‌ಬಾಗ್ ರಸ್ತೆಯದೋ ಮಾರತಹಳ್ಳಿಯದೋ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಬದಲಿ ಪುಸ್ತಕಕ್ಕೆಂದು ಹೋದಾಗಲೂ ಅದೇ ಕಾಗದ ಬೇಕು.

ಕಾರ್ಡುಗಳನ್ನು ಠಾಣೆಗೆ ಹೋಗುವ ಮುಂಚೆಯೇ ಬ್ಲಾಕ್ ಮಾಡಿಸಿ. ವಾಪಸ್ ಟಿಕೆಟ್ ಬೇರೊಂದು ದೇಶದ ಮೂಲಕ ಇದ್ದರೆ, ತುರ್ತು ಪತ್ರದ ಮೇಲೆ ಆ ದಾರಿಯಲ್ಲಿ ಬಿಡುತ್ತಾರೋ ಎಂದು ವಿಮಾನ ಕಂಪನಿಗೆ ಫೋನ್ ಮಾಡಿ ಕೇಳಿ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ ಉಳಿದಿದೆ: ಪಾಸ್‌ಪೋರ್ಟ್ ಆಮೇಲೆ ಸಿಕ್ಕರೆ? ಹಣ ಇಟ್ಟುಕೊಂಡು ಪುಸ್ತಕವನ್ನು ಕಸದ ಡಬ್ಬಿಗೆ ಎಸೆಯುವ ಕಳ್ಳರಿರುವುದರಿಂದ ಅದು ಸಿಗಲೂಬಹುದು. ಸಿಕ್ಕ ಖುಷಿಗೆ ಅದನ್ನೇ ತೋರಿಸಿ ವಿಮಾನ ಹತ್ತಲು ಹೋಗಬೇಡಿ. ಕಳುವಾದ ಪಾಸ್‌ಪೋರ್ಟುಗಳ ಪಟ್ಟಿಯನ್ನು ಇಂಟರ್‌ಪೋಲ್ 2002ರಿಂದ ಇಟ್ಟುಕೊಂಡಿದೆ. ನಮ್ಮ ದೇಶ ಒಮ್ಮೆ ರದ್ದುಮಾಡಿ ಅದರಲ್ಲಿ ಸೇರಿಸಿದ ಸಂಖ್ಯೆ ಜಗತ್ತಿನ ಯಾವ ಗಡಿಯಲ್ಲೂ ಸಿಕ್ಕಿಬೀಳಬಹುದು. ಆ ಪಟ್ಟಿ ಎಷ್ಟು ಮುಖ್ಯ ಎಂದು ಜಗತ್ತಿಗೆ ತಿಳಿದದ್ದು 2014ರ ಮಾರ್ಚ್ 8ರಂದು, ಮಲೇಷ್ಯಾದ ಎಂಎಚ್370 ವಿಮಾನ ಕಾಣೆಯಾದಾಗ. ಥಾಯ್ಲೆಂಡ್‌ನಲ್ಲಿ ಕಳುವಾಗಿದ್ದ ಒಬ್ಬ ಇಟಲಿಯವರ, ಒಬ್ಬ ಆಸ್ಟ್ರಿಯಾದವರ ಪಾಸ್‌ಪೋರ್ಟ್ ಹಿಡಿದು ಇಬ್ಬರು ಅದರಲ್ಲಿ ಪ್ರಯಾಣಿಸಿದ್ದರು. ವಿಮಾನ ಕಾಣೆಯಾದದ್ದಕ್ಕೂ ಅವರಿಗೂ ಸಂಬಂಧ ಕಂಡುಬರಲಿಲ್ಲ. ಆದರೆ ಆ ಎರಡೂ ಸಂಖ್ಯೆಗಳು ಪಟ್ಟಿಯಲ್ಲಿದ್ದವು, ಹತ್ತಿಸಿಕೊಳ್ಳುವಾಗ ಯಾರೂ ನೋಡಿರಲಿಲ್ಲ.

ಸಿಕ್ಕ ಪುಸ್ತಕವನ್ನು ರಾಯಭಾರ ಕಚೇರಿಗೋ ಇಲ್ಲಿನ ಪಾಸ್‌ಪೋರ್ಟ್ ಕಚೇರಿಗೋ ಒಪ್ಪಿಸಿ. ಮಗಳ ಮನೆಗೆ ಹೋಗಿಬರಲೆಂದು ಮಾಡಿಸಿದ ಹತ್ತು ವರ್ಷದ ಅಮೆರಿಕ ವೀಸಾ ಅದರೊಳಗೆ ಇದ್ದರೆ, ಅದು ಹೋದದ್ದನ್ನು ಅಮೆರಿಕದ ಕಾನ್ಸುಲೇಟಿಗೂ ತಿಳಿಸಬೇಕು. ಹಾಗೆ ತಿಳಿಸಿದ ಮೇಲೆ ವೀಸಾ ಮತ್ತೆ ಕೈಗೆ ಬಂದರೂ ನಡೆಯುವುದಿಲ್ಲ, ಹೊಸದಕ್ಕೇ ಅರ್ಜಿ ಹಾಕಬೇಕು.