ಕ್ವಾರಂಟೈನ್ ಮುರಿಯುವುದು ಬೀದಿ ನಲ್ಲಿಯ ಹತ್ತಿರ

‘14 ದಿನ ಹೊಸ್ತಿಲು ದಾಟಬೇಡಿ.’ 2020ರ ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೇಳಿದ ಮಾತು ಇದು. ಎಷ್ಟೋ ಮನೆಗಳಲ್ಲಿ ಅದು ಮಾರನೇ ಬೆಳಿಗ್ಗೆಯೇ ಮುರಿಯಿತು. ವರದಿಯಲ್ಲಿ ‘ಜನ ಸಹಕರಿಸುತ್ತಿಲ್ಲ’ ಎಂದು ಬರೆದುಕೊಂಡದ್ದಾಯಿತು. ಆ ಮನೆಯ ನೀರಿನ ಲೆಕ್ಕವನ್ನು ಮಾತ್ರ ಯಾರೂ ಹಾಕಲಿಲ್ಲ.

ಹಾಕಿ ನೋಡೋಣ. ಜಲಜೀವನ್ ಯೋಜನೆಯ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಬೇಕು. ಐದು ಜನರಿಗೆ 275 ಲೀಟರ್, ಅಂದರೆ 15 ಲೀಟರಿನ ಕೊಡದಲ್ಲಿ ಹದಿನೆಂಟಕ್ಕೂ ಹೆಚ್ಚು ಕೊಡ. ನಲ್ಲಿ ಬೀದಿಯ ತುದಿಯಲ್ಲಿದ್ದರೆ ಆ ಮನೆಯವರು ದಿನಕ್ಕೆ ಹತ್ತಾರು ಬಾರಿ ಹೊರಗೆ ಬರಲೇಬೇಕು, ಅದೂ ಎಲ್ಲರೂ ಸೇರುವ ಜಾಗಕ್ಕೆ. ಊಟದ ಲೆಕ್ಕವೂ ಹೀಗೆಯೇ. ತಲೆಗೆ ದಿನಕ್ಕೆ 300 ಗ್ರಾಂ ಅಕ್ಕಿಯೋ ರಾಗಿಯೋ ಎಂದರೆ 14 ದಿನಕ್ಕೆ 21 ಕೆ.ಜಿ. ಅದು ಮೊದಲ ದಿನವೇ ಮನೆ ಸೇರಿರಬೇಕು. ಬೇಳೆ, ಎಣ್ಣೆ, ಉಪ್ಪು, ಸಕ್ಕರೆ ಕಾಯಿಲೆಯವರ ಮಾತ್ರೆ, ಮೊಬೈಲ್ ರೀಚಾರ್ಜ್, ಇವೂ ಅದೇ ದಿನವೇ.

ಹಳ್ಳಿಯಲ್ಲಿ ಇನ್ನೊಂದು ತೊಡಕಿದೆ. ಹಸುವಿಗೆ ಕ್ವಾರಂಟೈನ್ ಅರ್ಥವಾಗುವುದಿಲ್ಲ. ಎರಡು ಹೊತ್ತೂ ಹಾಲು ಕರೆಯಬೇಕು, ಡೇರಿಗೆ ಹಾಕಬೇಕು, ಮೇವು ತರಬೇಕು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ರೇಷ್ಮೆಹುಳುವಿಗೆ ಒಂದು ಹೊತ್ತಿನ ಸೊಪ್ಪು ತಪ್ಪಿದರೂ ಗೂಡಿನ ತೂಕದಲ್ಲಿ ಹೊಡೆತ ಬೀಳುತ್ತದೆ. ಆದ್ದರಿಂದ ಪಂಚಾಯಿತಿ ಕಾರ್ಯಪಡೆಯವರು ಮನೆಯ ಮುಂದೆ ಟೇಪು ಕಟ್ಟುವ ಮೊದಲು ಮೂರು ಹೆಸರು ಬರೆದುಕೊಳ್ಳಬೇಕು: ನೀರು ತರುವವರು ಯಾರು, ಹಾಲು ಹಾಕುವವರು ಯಾರು, ಔಷಧಿ ತರುವವರು ಯಾರು. ಹೆಸರುಗಳನ್ನು ಆ ಮನೆಯವರೇ ಹೇಳಲಿ. ಯಾರ ಮನೆಗೆ ಯಾರು ಹೋಗಿ ಬರುತ್ತಾರೆ ಎಂಬುದು ಪಿಡಿಒಗಿಂತ ಅವರಿಗೇ ಚೆನ್ನಾಗಿ ಗೊತ್ತು. ಕೊಡವನ್ನು ಜಗಲಿಯ ಮೇಲಿಟ್ಟು ದೂರ ಸರಿದ ಮೇಲೆ ಒಳಗಿನವರು ಬಂದು ಎತ್ತಿಕೊಂಡರಾಯಿತು.

ನಿಗಾ ಇಡುವುದರಲ್ಲೂ ನಾವು ಎಡವಿದೆವು. 2020ರ ಮಾರ್ಚ್ ಕೊನೆಯಲ್ಲಿ ಬಂದ ಆದೇಶದಂತೆ, ಮನೆಯಲ್ಲಿ ಕ್ವಾರಂಟೈನ್ ಆದವರು ಆ್ಯಪ್‌ನಲ್ಲಿ ಗಂಟೆಗೊಂದು ಸೆಲ್ಫಿ ಕಳುಹಿಸಬೇಕಿತ್ತು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ವಿನಾಯಿತಿ. ದಿನಕ್ಕೆ 15 ಎಂದು ಹಿಡಿದರೂ 14 ದಿನಕ್ಕೆ 210 ಸೆಲ್ಫಿ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ, ಮನೆಗೊಂದೇ ಫೋನ್ ಇರುವಲ್ಲಿ ಇದು ನಡೆಯುವ ಮಾತೇ? ನಿಯಮ ಪಾಲಿಸುವವನೂ ದಿನಕ್ಕೆರಡು ಬಾರಿ ತಪ್ಪಿತಸ್ಥನಾದರೆ, ನಿಜವಾಗಿ ತಪ್ಪಿಸಿಕೊಂಡವನು ಆ ಗದ್ದಲದಲ್ಲಿ ಕಾಣುವುದೇ ಇಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಫೋನ್ ಕರೆ ಇದಕ್ಕಿಂತ ಉಪಯೋಗ. ಮೊದಲು ‘ಜ್ವರ ಇದೆಯಾ, ಉಸಿರು ಕಟ್ಟುತ್ತಿದೆಯಾ’ ಎಂದು ಕೇಳಿ, ಆಮೇಲೆ ‘ಏನಾದರೂ ಬೇಕಾ’ ಎಂದು ಕೇಳಿ. ‘ಎಲ್ಲಿದ್ದೀರಿ’ ಎಂಬ ಪ್ರಶ್ನೆಯಿಂದ ಶುರುಮಾಡಿದರೆ ಮೂರನೇ ದಿನ ಫೋನ್ ಎತ್ತುವುದಿಲ್ಲ.

ಅವಮಾನವಂತೂ ರೋಗಕ್ಕಿಂತ ಬೇಗ ಹರಡುತ್ತದೆ. 2020ರ ಜುಲೈನಲ್ಲಿ ಬೆಂಗಳೂರಿನ ಒಂದು ಕಟ್ಟಡದಲ್ಲಿ ಎರಡು ಫ್ಲ್ಯಾಟುಗಳ ಬಾಗಿಲಿಗೆ ತಗಡಿನ ಶೀಟು ಹೊಡೆದರು. ಪಾಲಿಕೆಯ ಆಯುಕ್ತರು ಅದನ್ನು ತೆಗೆಸಿ ಕ್ಷಮೆ ಕೇಳಿದರು, ಸರಿಯಾಗಿಯೇ ಮಾಡಿದರು. ಸೋಂಕಿತರ ಮನೆಯ ಹೊರಗೆ ಪೋಸ್ಟರ್ ಅಂಟಿಸುವುದಕ್ಕೂ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ತಡೆಹಾಕಿತು. ವಿಪತ್ತು ನಿರ್ವಹಣಾ ಕಾಯ್ದೆಯಡಿ ನಿರ್ದಿಷ್ಟ ಆದೇಶವಿದ್ದರೆ ಮಾತ್ರ ಅಂಟಿಸಬಹುದು ಎಂದಿತು. ಪೋಸ್ಟರ್ ಕಂಡ ಬೀದಿಯಲ್ಲಿ ಮುಂದಿನ ಜ್ವರದವನು ಪರೀಕ್ಷೆಗೆ ಬರುವುದಿಲ್ಲ. ಬಂದರೂ ಯಾರ ಜೊತೆ ಕೂತು ಊಟ ಮಾಡಿದೆ ಎಂದು ಬಾಯಿಬಿಡುವುದಿಲ್ಲ, ಆ ಸ್ನೇಹಿತನ ಬಾಗಿಲಿಗೂ ಅದು ಬೀಳುತ್ತದಲ್ಲ!

ಸಮಯದ ಮಿತಿಯ ಲೆಕ್ಕ ಇನ್ನೂ ಸರಳ. 2021ರ ಏಪ್ರಿಲ್ ಕೊನೆಯ ಕರ್ಫ್ಯೂನಲ್ಲಿ ಅಗತ್ಯ ವಸ್ತುಗಳ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶವಿತ್ತು. ಒಂದು ಸಣ್ಣ ಮಾರುಕಟ್ಟೆಗೆ ದಿನಕ್ಕೆ 600 ಗಿರಾಕಿಗಳು, ಒಬ್ಬೊಬ್ಬರು 20 ನಿಮಿಷ ಇರುತ್ತಾರೆ ಎಂದುಕೊಳ್ಳಿ. 12 ಗಂಟೆ ತೆರೆದಿದ್ದರೆ ಒಂದು ಹೊತ್ತಿಗೆ ಸುಮಾರು 17 ಜನ. ನಾಲ್ಕೇ ಗಂಟೆಯಾದರೆ 50. ಅಂತರ ಕಾಯ್ದುಕೊಳ್ಳಿ ಎಂದು ಮೈಕಿನಲ್ಲಿ ಎಷ್ಟು ಕೂಗಿದರೂ ಆ ಜಾಗ ಹಿಗ್ಗುವುದಿಲ್ಲ. ಸಮಯ ಕಡಿತ ಮಾಡಲೇಬೇಕಿದ್ದರೆ ತರಕಾರಿ ಗಾಡಿಗಳನ್ನು ಬೀದಿಬೀದಿಗೆ ಕಳುಹಿಸಬೇಕು, ಸಂತೆಯನ್ನು ಶಾಲೆಯ ಮೈದಾನಕ್ಕೆ ಒಯ್ಯಬೇಕು.

ದಂಡದ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಮಾಸ್ಕ್ ಹಾಕದವರಿಗೆ 2020ರ ಅಕ್ಟೋಬರ್ ಹೊತ್ತಿಗೆ ನಗರದಲ್ಲಿ 1000, ಹಳ್ಳಿಯಲ್ಲಿ 500 ರೂಪಾಯಿ ಮಾಡಿ, ವಿರೋಧ ಬಂದ ಕೆಲವೇ ದಿನಗಳಲ್ಲಿ 250 ಮತ್ತು 100ಕ್ಕೆ ಇಳಿಸಿದರು. ದಿನಗೂಲಿಗಿಂತ ದೊಡ್ಡ ದಂಡ ಹಾಕಿದರೆ ರಸ್ತೆಯಲ್ಲಿ ಜಗಳವೇ ಆಗುತ್ತದೆ. ಚಿಕ್ಕ ದಂಡ, ರಸೀದಿಯ ಜೊತೆಗೆ ಕೈಗೊಂದು ಮಾಸ್ಕ್ ಇದ್ದರೆ ಸಾಕು. ಇಲ್ಲದಿದ್ದರೆ ದಂಡ ಕಟ್ಟಿದವನು ಬರಿಮುಖದಲ್ಲೇ ಮುಂದೆ ಹೋಗುತ್ತಾನೆ.

ಕೊನೆಯ ದಿನವನ್ನು ಮರೆಯುವವರೇ ಹೆಚ್ಚು. ಅವಧಿ ಮುಗಿಯುವ ದಿನಾಂಕವನ್ನು ಮೊದಲ ದಿನವೇ ಚೀಟಿಯಲ್ಲಿ ಬರೆದು ಕೊಡಿ. ಮುಗಿದ ಸಂಜೆಯೇ ಟೇಪು ಬಿಚ್ಚಿ, ಆಶಾ ಕಾರ್ಯಕರ್ತೆಯೇ ಹೋಗಿ ಬಾಗಿಲಲ್ಲಿ ನಿಂತು ಮಾತಾಡಿಸಿ ಬರಲಿ, ಅಕ್ಕಪಕ್ಕದವರು ನೋಡಲಿ. ಗಾರ್ಮೆಂಟ್ಸ್‌ಗೋ ಹೋಟೆಲಿಗೋ ಕೆಲಸಕ್ಕೆ ಹೋಗುವವರಿದ್ದರೆ, ವೈದ್ಯಾಧಿಕಾರಿಯ ಸಹಿಯಿರುವ ಪತ್ರ ಅದೇ ಸಂಜೆ ಅವರ ಕೈಯಲ್ಲಿರಬೇಕು, ಮಾರನೇ ದಿನದ ಪಾಳಿಗೆ ಗೇಟಿನಲ್ಲಿ ತೋರಿಸಲು.